ಮೇಳದ ಕಣಕ್ಕೆ ಬಂದ ಆಡು

ಬೇಸಗೆ ಮುಗಿಯುತ್ತ ಬಂದಂತೆ ಅಮೆರಿಕದ ಗ್ರಾಮಾಂತರದಲ್ಲಿ ಕೌಂಟಿ ಮೇಳಗಳು ನೆರೆಯುತ್ತವೆ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಮೇಳವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದನಗಳ ಜಾತ್ರೆ. ಆದರೆ ನಮ್ಮ ಜಾತ್ರೆ ದೇವರ ಸುತ್ತ ಹುಟ್ಟಿತು, ವ್ಯಾಪಾರ ಅದರ ನೆರಳಿನಲ್ಲಿ ಬೆಳೆಯಿತು. ಅಮೆರಿಕದ ಮೇಳ ಹುಟ್ಟಿದ್ದು ಬಹುಮಾನದ ಸುತ್ತ.

ದೇವರಿಲ್ಲದ ಈ ಜಾತ್ರೆಗೂ ಒಬ್ಬ ಮೂಲಪುರುಷನಿದ್ದಾನೆ. ಎಲ್ಕಾನಾ ವಾಟ್ಸನ್ ಎಂಬ ವರ್ತಕ 1807ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ ಎರಡು ಮೆರಿನೋ ಕುರಿಗಳನ್ನು ಕಟ್ಟಿಹಾಕಿದ. ಅವುಗಳ ಉಣ್ಣೆಯನ್ನು ನೋಡಲು ಜನ ಮುಗಿಬಿದ್ದರು. ಎರಡು ಕುರಿಗೆ ಇಷ್ಟು ಜನ ಸೇರುವುದಾದರೆ ಒಂದು ಸೀಮೆಯ ಪಶುಗಳನ್ನೆಲ್ಲ ಒಟ್ಟುಗೂಡಿಸಿದರೆ ಏನಾದೀತು ಎಂದು ಅವನು ಯೋಚಿಸಿದ. 1811ರಲ್ಲಿ ಬರ್ಕ್‌ಶೈರ್ ಕೃಷಿ ಸಂಘ ಸ್ಥಾಪನೆಯಾಯಿತು. ವಾಟ್ಸನ್ನನ ಚಾತುರ್ಯ ಇದ್ದದ್ದು ಇಲ್ಲಿ: ತಳಿ ಸುಧಾರಣೆಯ ಬಗ್ಗೆ ಉಪನ್ಯಾಸ ಮಾಡಿದರೆ ರೈತ ಬರುವುದಿಲ್ಲ, ಮೆರವಣಿಗೆ ಹೊರಡಿಸಿ, ನೆರೆಯವನ ಹೋರಿಗೆ ಎಲ್ಲರೆದುರು ಬಹುಮಾನ ಕೊಟ್ಟರೆ ಬರುತ್ತಾನೆ, ಮರುವರ್ಷ ತನ್ನ ಹೋರಿಯನ್ನೂ ತರುತ್ತಾನೆ. ಮನುಷ್ಯನ ಮತ್ಸರವನ್ನು ಇಷ್ಟು ಉಪಯುಕ್ತವಾಗಿ ಹೂಡಿದವರು ಕಡಿಮೆ. ಹೆಂಗಸರು ಮನೆಯಲ್ಲಿ ನೇಯ್ದ ಬಟ್ಟೆಗೂ ಅವನು ಬಹುಮಾನ ಸಾರಿದ. ಅವರು ಸಂಕೋಚದಿಂದ ಹಿಂಜರಿದಾಗ ತನ್ನ ಹೆಂಡತಿಯನ್ನೇ ಮೊದಲು ಸಭೆಗೆ ಕರೆತಂದ; ಉಳಿದವರು ಹಿಂಬಾಲಿಸಿದರು. ಹೀಗೆ ಅಂಗಳದ ಒಳಗಿನ ದುಡಿಮೆ ಊರ ಕಣ್ಣಿಗೆ ಬಿತ್ತು.

ಆದರೆ ಆಡು ಮಾತ್ರ ಬಹುಕಾಲ ಹೊರಗೇ ಉಳಿಯಿತು. ದನ, ಕುದುರೆ, ಕುರಿ, ಹಂದಿಗಳಿಗೆ ವಂಶಾವಳಿ ಬಂದಿತು, ಬೆಲೆ ಬಂದಿತು. ಆಡು ಬಡವರ ಹಸು. ಬೇಲಿ ಹಾರುವ, ಸಿಕ್ಕಿದ್ದನ್ನು ಮೇಯುವ, ನಗೆಪಾಟಲಿನ ಪ್ರಾಣಿ. 1893ರಲ್ಲಿ ಟೋಗನ್‌ಬರ್ಗ್ ಎಂಬ ಸ್ವಿಸ್ ತಳಿಯ ಕೆಲವು ಆಡುಗಳು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದವು. 1904ರಲ್ಲಿ ಸೇಂಟ್ ಲೂಯಿಸ್ ನಗರದ ಜಾಗತಿಕ ಪ್ರದರ್ಶನದಲ್ಲಿ ಹಾಲಿನ ಆಡುಗಳನ್ನು ಕಣಕ್ಕಿಳಿಸಿ ತೀರ್ಪು ನೀಡಿದರು. ಅದೇ ವರ್ಷ ಅವುಗಳ ವಂಶಾವಳಿಯನ್ನು ದಾಖಲಿಸುವ ಸಂಘವೂ ಹುಟ್ಟಿತು. ತಂದೆ ಯಾರು, ತಾಯಿ ಎಷ್ಟು ಹಾಲು ಕರೆದಳು ಎಂಬುದು ಪುಸ್ತಕದಲ್ಲಿ ಏರಿದ ಮೇಲೆ ಆಡನ್ನು ನೋಡಿ ನಗುವುದು ಅಷ್ಟು ಸುಲಭವಾಗಲಿಲ್ಲ.

ಆಡು ಮೇಳದಲ್ಲಿ ನೆಲೆಯೂರಿದ್ದಕ್ಕೆ ಇನ್ನೊಂದು ಕಾರಣ ಮಕ್ಕಳು. 1902ರಲ್ಲಿ ಓಹಾಯೋ ಪ್ರಾಂತದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಹಳ್ಳಿಯ ಹುಡುಗ ಹುಡುಗಿಯರಿಗಾಗಿ ಕೃಷಿ ಕೂಟವೊಂದನ್ನು ಆರಂಭಿಸಿದರು. ಅಂಥ ಕೂಟಗಳಿಂದ ಬೆಳೆದದ್ದು ‘ಫೋರ್ ಎಚ್’ ಚಳವಳಿ. ತಲೆ, ಹೃದಯ, ಕೈ, ಆರೋಗ್ಯ ಎಂಬ ನಾಲ್ಕು ಮಾತುಗಳು ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ತೊಡಗುವುದರಿಂದ ಈ ಹೆಸರು. 1914ರ ಕಾಯಿದೆಯೊಂದರಿಂದ ಕೃಷಿ ವಿಸ್ತರಣೆಗೆ ಸರ್ಕಾರದ ಹಣ ದೊರೆತು ಈ ಕೂಟಗಳು ನಾಡಿನ ತುಂಬ ಹಬ್ಬಿದವು. ಹತ್ತು ವರ್ಷದ ಹುಡುಗಿ ಹೋರಿಯನ್ನು ಹಿಡಿದು ನಡೆಸಲಾರಳು, ಆಡನ್ನು ನಡೆಸಬಲ್ಲಳು.

ಮೇಳಕ್ಕೆ ಆಡು ಹೊರಡುವ ಮನೆಯಲ್ಲಿ ವಾರದ ಮುಂಚಿನಿಂದಲೇ ಗಡಿಬಿಡಿ. ಕೂದಲನ್ನು ಕತ್ತರಿಸಿ ಮೈ ತೊಳೆಯಬೇಕು, ಗೊರಸು ಸವರಬೇಕು. ತಂದೆ ಹುಲ್ಲಿನ ಹೊರೆ ಸಾಗಿಸುತ್ತಾನೆ, ತಾಯಿ ದಾಖಲೆಯ ಕಾಗದಗಳನ್ನು ಜೋಡಿಸುತ್ತಾಳೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹಾಲಿನ ಲೆಕ್ಕ. ತೀರ್ಪಿನ ಹೊತ್ತಿಗೆ ಕೆಚ್ಚಲು ತುಂಬಿರಬೇಕು. ಆದ್ದರಿಂದ ಹಿಂದಿನ ಸಂಜೆ ಗೊತ್ತಾದ ಹೊತ್ತಿಗೆ ಪೂರ್ತಿ ಕರೆದು, ಮರುದಿನ ಬೆಳಗ್ಗೆ ಕರೆಯದೆ ಬಿಡುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಪ್ರಾಣಿಗೆ ನೋವು. ಪೈಪೋಟಿಯ ಆಸೆಗೂ ಕರುಣೆಗೂ ನಡುವಣ ಗೆರೆ ಕೆಲವು ಗಂಟೆಗಳಷ್ಟೇ ಅಗಲ.

ಕಣಕ್ಕೆ ಇಳಿಯುವಾಗ ಮಕ್ಕಳು ಬಿಳಿ ಉಡುಪು ತೊಡುವುದು ಸಂಪ್ರದಾಯ. ದೊಡ್ಡಿಯ ಕೆಲಸಕ್ಕೆ ಇದಕ್ಕಿಂತ ಒಗ್ಗದ ಬಣ್ಣ ಬೇರೊಂದಿಲ್ಲ, ಪ್ರಾಯಶಃ ಅದೇ ಅದರ ಘನತೆ. ಹಾಲು ಕೊಡುವ ಆಡಿಗೆ ನೂರು ಅಂಕಗಳಲ್ಲಿ 35 ಮೈಕಟ್ಟಿಗೆ, 35 ಕೆಚ್ಚಲಿಗೆ, 20 ಹಾಲುತಳಿಯ ಕಸುವಿಗೆ, ಉಳಿದ 10 ಒಡಲಿನ ವಿಸ್ತಾರಕ್ಕೆ. ಇದಲ್ಲದೆ ಆಡಿಗಲ್ಲ, ಆಡನ್ನು ನಡೆಸುವ ಮಗುವಿಗೇ ಅಂಕ ಕೊಡುವ ಸ್ಪರ್ಧೆಯೊಂದುಂಟು. ತೀರ್ಪುಗಾರನಿಗೂ ಆಡಿಗೂ ನಡುವೆ ಮಗು ನಿಲ್ಲಕೂಡದು. ಅವನು ಹೇಳಿದರೆ ತನ್ನ ಆಡನ್ನು ಪಕ್ಕದವರಿಗೆ ಕೊಟ್ಟು ಅವರದನ್ನು ನಡೆಸಬೇಕು. ತಾನೇ ಮರಿಯಿಂದ ಸಾಕಿದ್ದನ್ನು ಪ್ರತಿಸ್ಪರ್ಧಿಯ ಕೈಗೆ ಕೊಟ್ಟು ಮುಖ ಬಾಡದಂತೆ ನಿಲ್ಲುವುದು ದೊಡ್ಡವರಿಗೂ ಕಷ್ಟ. ಹಾಲಿನ ಆಡು ಮೇಳ ಮುಗಿದ ಮೇಲೆ ಮನೆಗೆ ಮರಳುತ್ತದೆ. ಮಾಂಸಕ್ಕಾಗಿ ಬೆಳೆಸಿದ ಪ್ರಾಣಿಗಳದು ಬೇರೆ ಕಥೆ. ಅವು ಹರಾಜಿಗೆ ಹೋಗುತ್ತವೆ, ಅವನ್ನು ಸಾಕಿದ ಮಗು ಬರಿಯ ಹಗ್ಗ ಹಿಡಿದು ಹಿಂತಿರುಗುತ್ತದೆ. ಇವೆರಡೂ ಅದೇ ಮೇಳದಲ್ಲಿ, ಕೆಲವೇ ಹೆಜ್ಜೆಗಳ ಅಂತರದಲ್ಲಿ ನಡೆಯುತ್ತವೆ.

ಈ ಕಣದಲ್ಲಿ ನಮ್ಮ ಗಮನ ಸೆಳೆಯಬೇಕಾದ ಆಡು ನ್ಯೂಬಿಯನ್. ಉಬ್ಬಿದ ಮೂಗು, ಜೋಲುವ ಅಗಲ ಕಿವಿ. ಕಿವಿಯನ್ನು ಮುಖದ ಮೇಲೆ ಚಾಚಿ ಹಿಡಿದರೆ ಅದು ಮೂತಿಯನ್ನು ದಾಟಿ ಕನಿಷ್ಠ ಒಂದು ಅಂಗುಲ ಮುಂದೆ ಬರಬೇಕೆಂದು ಅಲ್ಲಿನ ತಳಿಲಕ್ಷಣ ವಿಧಿಸುತ್ತದೆ. ಹೆಸರನ್ನು ನಂಬಿದರೆ ಇದು ನೈಲ್ ನದಿಯ ಸೀಮೆಯದು. ಚರಿತ್ರೆ ಬೇರೊಂದು ದಾರಿಯನ್ನೂ ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯಾದಿಂದ ಹೊರಟ ಹಡಗುಗಳು ಪ್ರಯಾಣದ ಹಾಲಿಗಾಗಿ ಆಡುಗಳನ್ನು ಒಯ್ಯುತ್ತಿದ್ದವು. ಹೀಗೆ ಇಂಗ್ಲೆಂಡಿನ ದಡ ಸೇರಿದ ಜಮುನಾಪಾರಿ ಮೊದಲಾದ ತಳಿಗಳ ಹೋತಗಳನ್ನೂ ಈಜಿಪ್ಟಿನ ಕಡೆಯ ಹೋತಗಳನ್ನೂ ಅಲ್ಲಿನ ತಳಿಗಾರರು ನಾಡ ಆಡುಗಳೊಡನೆ ಕೂಡಿಸಿದರು. ಹುಟ್ಟಿದ್ದಕ್ಕೆ ಆಂಗ್ಲೋ-ನ್ಯೂಬಿಯನ್ ಎಂದು ಹೆಸರಿಟ್ಟರು. 1909ರಲ್ಲಿ ಅದು ಕ್ಯಾಲಿಫೋರ್ನಿಯಕ್ಕೆ ಬಂದಿತು. ಅಮೆರಿಕನ್ನರು ‘ಆಂಗ್ಲೋ’ ಎಂಬುದನ್ನು ಬಿಟ್ಟರು. ‘ಇಂಡಿಯಾ’ ಎಂಬುದು ಮೊದಲೇ ಹೆಸರಿನಲ್ಲಿರಲಿಲ್ಲ.

ನಿನ್ನ ಆಡಿನ ತಳಿ ಯಾವ ಸೀಮೆಯದೆಂದು ತೀರ್ಪುಗಾರ ಮಕ್ಕಳನ್ನು ಕೇಳುವುದುಂಟು. ಓದಿಕೊಂಡು ಬಂದ ಮಗು ಇಂಡಿಯಾವನ್ನೂ ಹೇಳೀತು. ಆ ಉತ್ತರದ ಒಂದು ತುದಿ ಇರುವುದು ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ, ಯಮುನೆ ಚಂಬಲ್ ನದಿಗಳ ನಡುವಣ ಚಕರ್‌ನಗರದ ಕೊರಕಲು ನೆಲದಲ್ಲಿ. ಶುದ್ಧ ಜಮುನಾಪಾರಿಯ ತವರು ಅದು. ಅಲ್ಲಿ ಈ ತಳಿಯ ಸಂಖ್ಯೆ ಕುಗ್ಗಿತು. 1979ರಲ್ಲಿ ಮಥುರೆಯ ಬಳಿ ಮಖ್ದೂಮ್ ಎಂಬಲ್ಲಿ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು; ಜಮುನಾಪಾರಿಯ ಒಂದು ಹಿಂಡನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಆ ಹಿಂಡಿನ ಆಡುಗಳಿಗೂ ಅದೇ ಉಬ್ಬಿದ ಮೂಗು, ಅದೇ ಜೋಲುಗಿವಿ.