ತರಗು ಬೆಂಕಿ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಹಂಪಾಪುರವನ್ನು ಹಾದು, ಅಂತರಸಂತೆಯ ಆಚೆಗಿನ ಕಾಕನಕೋಟೆಯ ಅರಣ್ಯಸೀಮೆಯನ್ನು ಮಾಘ ಫಾಲ್ಗುಣಗಳಲ್ಲಿ ಹೊಕ್ಕವರಿಗೆ, ಎಲೆಯುದುರಿ ನಿಂತ ತೇಗ, ಮತ್ತಿ, ಹೊನ್ನೆಗಳ ಬುಡದಲ್ಲಿ ತರಗಿನ ದಟ್ಟವಾದ ಹಾಸು ಕಾಣುತ್ತದೆ. ಖಾಂಡವದಹನದ ಕಥೆಯಿಂದ ಮೊದಲ್ಗೊಂಡು ನಮ್ಮ ಕವಿಗಳು ಕಾಳ್ಗಿಚ್ಚನ್ನು, ದಾವಾನಲವನ್ನು, ಸರ್ವಭಕ್ಷಕವಾದ ಉಗ್ರರೂಪದಲ್ಲಿಯೇ ವರ್ಣಿಸಿದ್ದಾರೆ. ಅಡವಿಯಲ್ಲೇ ಹುಟ್ಟಿ ಬೆಳೆದವರು ಮಾತ್ರ ಅಗ್ನಿಯ ಸೌಮ್ಯರೂಪವನ್ನೂ ಬಲ್ಲವರಾಗಿದ್ದರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆ ಬಲಿಯುವ ಮೊದಲೇ, ನೆಲದ ಪಸೆ ಇನ್ನೂ ಆರದಿರುವಾಗ, ಹಚ್ಚುತ್ತಿದ್ದ ಕಿರುಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ಅದು ಮರದ ನೆತ್ತಿಗೇರದೆ ನೆಲಮಟ್ಟದಲ್ಲಿ ಹರಿದು ಉದುರೆಲೆಯನ್ನಷ್ಟೇ ತಿಂದು ಆರಿಹೋಗುತ್ತಿತ್ತು. ಅದರ ಹಿಂದೆಯೇ ಎಳೆಹುಲ್ಲು ಚಿಗುರುತ್ತಿತ್ತು, ಕಾಲುದಾರಿಗಳು ತೆರವಾಗುತ್ತಿದ್ದುವು, ನೆಲ್ಲಿಯ ಮರವನ್ನು ಹೀರುವ ಬದನಿಕೆಯೂ ಅಡಗುತ್ತಿತ್ತೆಂಬುದು ಸೋಲಿಗ ಹಿರಿಯರ ಅನುಭವ.

ಬ್ರಿಟಿಷರ ಅರಣ್ಯನೀತಿಗೆ ಈ ಭೇದವು ಗೋಚರಿಸಲಿಲ್ಲ. 1864ರಲ್ಲಿ ಡೀಟ್ರಿಚ್ ಬ್ರಾಂಡಿಸರು ಹಿಂದೂದೇಶದ ಅರಣ್ಯಗಳ ಮೊದಲ ಮಹಾಧಿಕಾರಿಯಾದ ಮೇಲೆ ಅಗ್ನಿನಿವಾರಣೆಯೇ ಅರಣ್ಯರಕ್ಷಣೆಯ ಮುಖ್ಯಾಂಗವೆನಿಸಿ, 1878ರ ಕಾಯಿದೆಯಿಂದ ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ದಂಡನೀಯವಾಯಿತು. ಬೆಂಕಿಯನ್ನು ತಡೆದ ಬರ್ಮಾದ ಕಾಡುಗಳಲ್ಲಿ ತೇಗದ ಸಸಿಗಳು ಮೇಲೇಳದಿದ್ದುದನ್ನು ಅಲ್ಲಿಯ ಅಧಿಕಾರಿಗಳೇ ಕಂಡು ವಾದಿಸಿದರೂ, ನಮ್ಮ ಕಡೆ ನಿಷೇಧವೇ ನಿಂತಿತು. 1972ರ ವನ್ಯಜೀವಿ ಕಾಯಿದೆ ಅದನ್ನು ಅಭಯಾರಣ್ಯಗಳಿಗೆ ಇನ್ನಷ್ಟು ಬಿಗಿಗೊಳಿಸಿತು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವಾದಂದಿನಿಂದ ತರಗು ಬೆಂಕಿ ನಿಂತುಹೋಯಿತು. ಲಂಟಾನದ ಪೊದೆ ಹಬ್ಬಿ ಕಾಡನ್ನು ಮುಚ್ಚಿತು. ಪೊದೆಯನ್ನು ಹತ್ತಿದ ಬೆಂಕಿ ನೆಲದಲ್ಲಿ ನಿಲ್ಲುವುದಿಲ್ಲ, ಮೇಲೇರುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದು ಬೂದಿಯಾದುದನ್ನು ನಾಡೆಲ್ಲ ಕಂಡು ಮರುಗಿತು. ಆ ಬೆಂಕಿ ಮನುಷ್ಯರಿಂದಲೇ ಬಿದ್ದದ್ದು. ನಮ್ಮ ಒಣಕಾಡುಗಳಲ್ಲಿ ತಾನಾಗಿ ಹುಟ್ಟುವ ಕಿಚ್ಚು ಅತಿ ವಿರಳ. ಅರಣ್ಯ ಇಲಾಖೆಯವರು ಪ್ರತಿ ವರ್ಷವೂ ಬೇಸಗೆಗೆ ಮುಂಚೆ ಹುಲ್ಲು ಕೊಯ್ದು, ಸುಟ್ಟು, ಬೆಂಕಿ ರೇಖೆಗಳನ್ನು ತೆಗೆಸುತ್ತಾರೆ. ಬೆಂಕಿ ಕಾವಲಿಗೆ ಹಾಡಿಗಳ ಜೇನುಕುರುಬರನ್ನೇ ನೇಮಿಸಿಕೊಳ್ಳುತ್ತಾರೆ. ಯಾವ ಕಣಿವೆಯಲ್ಲಿ ತರಗು ಯಾವಾಗ ಒಣಗುತ್ತದೆ, ಗಾಳಿ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ತಂದೆ ತಾತಂದಿರಿಂದ ಕಲಿತವರನ್ನು ಬೆಂಕಿ ಆರಿಸುವ ಕೂಲಿಗೆ ಮಾತ್ರ ಕರೆದರೆ ಸಾಲದು. ಎಲ್ಲಿ, ಎಂದು, ಎಷ್ಟು ಸುಡಬೇಕೆಂದು ನಿರ್ಣಯಿಸುವ ಸಭೆಯಲ್ಲಿಯೂ ಅವರಿಗೆ ಸ್ಥಾನವಿರಬೇಕು.