ಫೈವ್ ಸ್ಟಾರ್ ಎಸಿ ತಂದರೆ ಕರೆಂಟ್ ಬಿಲ್ ಅರ್ಧ ಆಗುತ್ತಾ?

ಮಾರ್ಚ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಎಸಿ ಸಲಹೆಗಳು ಶುರುವಾಗುತ್ತವೆ. ‘ಫೈವ್ ಸ್ಟಾರ್ ತಗೊಳ್ಳಿ, ಬಿಲ್ ಅರ್ಧ’, ‘ಸ್ಟಾರ್ ಜಾಸ್ತಿ ಇದ್ದಷ್ಟೂ ಕೂಲಿಂಗ್ ಜಾಸ್ತಿ’, ‘ಇನ್ವರ್ಟರ್ ಎಸಿ ಕರೆಂಟ್ ಹೋದಾಗಲೂ ಓಡುತ್ತೆ’. ಕೊನೆಯದು ಪೂರ್ತಿ ಸುಳ್ಳು. ಇಲ್ಲಿ ಇನ್ವರ್ಟರ್ ಎಂದರೆ ಮನೆಯ ಬ್ಯಾಟರಿ ಅಲ್ಲ, ಕಂಪ್ರೆಸರ್ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ವ್ಯವಸ್ಥೆ. ಎರಡನೆಯದೂ ತಪ್ಪು. ಮೊದಲನೆಯದರಲ್ಲಿ ಸ್ವಲ್ಪ ನಿಜ ಇದೆ. ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡೋಣ.

ಸ್ಟಾರ್ ಅಳೆಯುವುದು ಏನನ್ನು?

ನಮ್ಮ ದೇಶದಲ್ಲಿ ಸ್ಟಾರ್ ಗುರುತು ಕೊಡುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಚಿಕ್ಕದಾಗಿ ಬಿಇಇ. ಯೋಜನೆ ಶುರುವಾದದ್ದು 2006ರಲ್ಲಿ. ಎಸಿ ಮೇಲಿನ ಲೇಬಲ್‌ನಲ್ಲಿ ನಕ್ಷತ್ರಗಳ ಜೊತೆಗೆ ‘ಐಎಸ್‌ಇಇಆರ್’ ಎಂಬ ಸಂಖ್ಯೆ ಇರುತ್ತದೆ. ಒಂದು ಯೂನಿಟ್ ಕರೆಂಟ್ ಖರ್ಚು ಮಾಡಿ ಕೋಣೆಯಿಂದ ಎಷ್ಟು ಯೂನಿಟ್ ಶಾಖವನ್ನು ಹೊರಗೆ ಹಾಕುತ್ತದೆ ಎಂಬುದೇ ಅದರ ಅರ್ಥ. ಐಎಸ್‌ಇಇಆರ್ 5 ಇದ್ದರೆ ಒಂದು ಯೂನಿಟ್‌ಗೆ ಐದು ಯೂನಿಟ್ ಶಾಖ ಹೊರಕ್ಕೆ. ಒಂದು ಕೊಟ್ಟು ಐದು ಪಡೆಯುವುದು ಮೋಸದ ಲೆಕ್ಕದಂತೆ ಕಾಣಬಹುದು. ಆದರೆ ಎಸಿ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೆ.

ಹಿಂದೆ 35 ಡಿಗ್ರಿಯ ಒಂದೇ ಪರೀಕ್ಷೆಯಲ್ಲಿ ರೇಟಿಂಗ್ ಮುಗಿಯುತ್ತಿತ್ತು. 2018ರಿಂದ ಕಡ್ಡಾಯವಾದ ಈಗಿನ ಪದ್ಧತಿಯಲ್ಲಿ ಹೊರಗಿನ ತಾಪಮಾನ 24ರಿಂದ 43 ಡಿಗ್ರಿವರೆಗೆ ಇರುವಾಗ, ವರ್ಷಕ್ಕೆ ಒಟ್ಟು 1600 ಗಂಟೆ ಎಸಿ ಓಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಈ 1600 ಅನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಕ್ಷತ್ರಕ್ಕೂ ತಣ್ಣಗೆ ಮಾಡುವ ಶಕ್ತಿಗೂ ಸಂಬಂಧ ಇಲ್ಲ. ಶಕ್ತಿಯನ್ನು ಹೇಳುವುದು ಟನ್, ಇನ್ನೂ ಖಚಿತವಾಗಿ ಲೇಬಲ್‌ನಲ್ಲಿರುವ ವ್ಯಾಟ್ ಸಂಖ್ಯೆ. ಲೆಕ್ಕದ ಪ್ರಕಾರ ಒಂದೂವರೆ ಟನ್ ಎಂದರೆ ಸುಮಾರು 5,275 ವ್ಯಾಟ್. ‘1.5 ಟನ್’ ಎಂದು ಮಾರುವ ಎಲ್ಲ ಎಸಿಗಳೂ ಅಷ್ಟು ಕೊಡುವುದಿಲ್ಲ, ಅಂಗಡಿಯಲ್ಲೇ ನೋಡಿಕೊಳ್ಳಿ. ಹಾಗೆಯೇ ಎರಡು ಟನ್‌ನ ಫೈವ್ ಸ್ಟಾರ್ ಒಂದು ಟನ್‌ನ ತ್ರೀ ಸ್ಟಾರ್‌ಗಿಂತ ಹೆಚ್ಚು ಕರೆಂಟ್ ಎಳೆಯಬಹುದು.

‘ಅರ್ಧ’ ಅಲ್ಲ, ಕಾಲು ಭಾಗ

2022ರ ಜುಲೈನಲ್ಲಿ ಬಂದ ಪಟ್ಟಿಯ ಪ್ರಕಾರ ಸ್ಪ್ಲಿಟ್ ಎಸಿಗೆ ತ್ರೀ ಸ್ಟಾರ್ ಸಿಗಲು ಐಎಸ್‌ಇಇಆರ್ ಕನಿಷ್ಠ 3.8 ಇರಬೇಕಿತ್ತು, ಫೈವ್ ಸ್ಟಾರ್‌ಗೆ 5.0. ಈ ಎರಡನ್ನು ಹೋಲಿಸಿದರೆ ಉಳಿತಾಯ ಸುಮಾರು ಶೇ. 24. ಅದೂ ಎಸಿ ತಿನ್ನುವ ಕರೆಂಟಿನಲ್ಲಿ ಮಾತ್ರ, ಫ್ರಿಜ್, ಫ್ಯಾನ್, ಗೀಸರ್ ಎಲ್ಲ ಸೇರಿದ ಇಡೀ ಮನೆಯ ಬಿಲ್ಲಿನಲ್ಲಿ ಅಲ್ಲ.

ಲೇಬಲ್‌ನಲ್ಲಿ ವಾರ್ಷಿಕ ಬಳಕೆಯನ್ನು ಯೂನಿಟ್‌ನಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಒಂದರಲ್ಲಿ 1000, ಇನ್ನೊಂದರಲ್ಲಿ 760 ಇದೆ ಎಂದುಕೊಳ್ಳಿ. ವ್ಯತ್ಯಾಸ 240 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 1,440 ರೂ. ಉಳಿಯಿತು. ಆದರೆ ಇದು 1600 ಗಂಟೆ ಓಡಿಸುವವರಿಗೆ. ಬೆಂಗಳೂರಿನಲ್ಲಿ ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ಆಗುವುದು 240 ಗಂಟೆ. ಆಗ ಉಳಿಯುವುದು 36 ಯೂನಿಟ್, ಅಂದರೆ ವರ್ಷಕ್ಕೆ 216 ರೂ. ಅದಕ್ಕಾಗಿ ಎಂಟು ಸಾವಿರ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ಬಿಲ್ಲಿನಿಂದ ವಾಪಸ್ ಬರುವುದಿಲ್ಲ, ಅಷ್ಟರೊಳಗೆ ಎಸಿಯೇ ಗುಜರಿ ಸೇರಿರುತ್ತದೆ. ಕಲಬುರಗಿ, ರಾಯಚೂರಿನ ಮನೆಗಳ ಲೆಕ್ಕ ಬೇರೆ. ಅಲ್ಲಿ ರಾತ್ರಿಯಿಡೀ ಎಸಿ ಹಾಕುವವರಿಗೆ ಫೈವ್ ಸ್ಟಾರ್ ಖಂಡಿತ ಲಾಭವೇ.

ಗೃಹಜ್ಯೋತಿ ಇರುವ ಮನೆಗಳು ಗಮನಿಸಿ

ಯಾವ ಫಾರ್ವರ್ಡ್‌ನಲ್ಲೂ ಕಾಣದ ವಿಷಯ ಇದು. ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ನಿಮ್ಮ ಉಚಿತ ಮಿತಿ 120 ಯೂನಿಟ್, ಎಸಿ ಬಿಟ್ಟು ಬಳಕೆಯೂ 120 ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ದಿನಕ್ಕೆ ಐದು ಗಂಟೆಯಂತೆ 150 ಗಂಟೆ ಎಸಿ ಓಡಿತು. 1000ದ ಲೇಬಲ್ ಇರುವ ಎಸಿ ಸುಮಾರು 94 ಯೂನಿಟ್ ತಿಂದರೆ ಒಟ್ಟು 214. 760ರದ್ದು 71 ತಿಂದರೆ ಒಟ್ಟು 191. ಮೊದಲ ಮನೆ 214 ಯೂನಿಟ್‌ಗೂ ಹಣ ಕಟ್ಟಬೇಕು, ಸುಮಾರು 1,284 ರೂ. ಎರಡನೆಯ ಮನೆ 71 ಯೂನಿಟ್‌ಗೆ ಮಾತ್ರ, ಸುಮಾರು 426 ರೂ. ಇತರ ಶುಲ್ಕಗಳನ್ನು ನಾನು ಸೇರಿಸಿಲ್ಲ. ಕಡುಬೇಸಿಗೆಯಲ್ಲಿ ಎಸಿ ಲೇಬಲ್‌ನ ಸರಾಸರಿಗಿಂತ ಹೆಚ್ಚು ಎಳೆಯುತ್ತದೆ ಎಂಬುದನ್ನೂ ಮರೆಯಬೇಡಿ. ಮೇಲಿನ ಮಹಡಿ, ಬಿಸಿಲು ಕಾದ ತಾರಸಿ, ಕೋಣೆಗೆ ಸಾಲದ ಟನ್, ಇವೆಲ್ಲ ಸೇರಿದರೆ ಕಂಪ್ರೆಸರ್ ವೇಗ ಇಳಿಸುವ ಅವಕಾಶವೇ ಸಿಗುವುದಿಲ್ಲ. ಇನ್ವರ್ಟರ್‌ನ ಲಾಭ ಅಲ್ಲಿಗೆ ಕರಗುತ್ತದೆ.

ಹಳೆಯ ಫೈವ್ ಸ್ಟಾರ್, ಹೊಸ ಫೋರ್ ಸ್ಟಾರ್

ನಕ್ಷತ್ರದ ಪಟ್ಟಿಯನ್ನು ಆಗಾಗ ಬಿಗಿ ಮಾಡುತ್ತಾರೆ. 2018ರ ಪಟ್ಟಿಯಲ್ಲಿ 4.5ಕ್ಕೆ ಫೈವ್ ಸ್ಟಾರ್ ಸಿಗುತ್ತಿತ್ತು. ಅದೇ ಎಸಿ 2022ರ ಪಟ್ಟಿಯಲ್ಲಿ ಫೋರ್ ಸ್ಟಾರ್. ಹಳೆಯ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೇಬಲ್ ಮೇಲಿನ ಅವಧಿ ನೋಡಿ, ನಕ್ಷತ್ರದ ಬದಲು ಐಎಸ್‌ಇಇಆರ್ ಹೋಲಿಸಿ. ಲೇಬಲ್ ನಕಲಿ ಎಂಬ ಅನುಮಾನ ಬಂದರೆ ಬಿಇಇಯ ‘ಸ್ಟಾರ್ ಲೇಬಲ್’ ಆ್ಯಪ್‌ನಲ್ಲಿ ಮಾಡೆಲ್ ಹುಡುಕಬಹುದು.

ಗೀಸರ್ ಸ್ಟಾರ್ ಕಥೆಯೇ ಬೇರೆ

ನೀರು ತುಂಬಿಟ್ಟು ಕಾಯಿಸುವ ಗೀಸರ್‌ಗೂ ನಕ್ಷತ್ರ ಇದೆ. ಅದು ಹೇಳುವುದು ಕಾದ ನೀರು ಟ್ಯಾಂಕ್‌ನಲ್ಲೇ ನಿಂತಾಗ ದಿನಕ್ಕೆ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು ಮಾತ್ರ. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ 0.7 ಯೂನಿಟ್ ಬೇಕೇ ಬೇಕು, ನಕ್ಷತ್ರ ಎಷ್ಟೇ ಇರಲಿ. ದಿನವಿಡೀ ಸ್ವಿಚ್ ಹಾಕಿಟ್ಟಿರುವ ಮನೆಗೆ ಫೈವ್ ಸ್ಟಾರ್ ಉಪಯೋಗ. ಸ್ನಾನಕ್ಕೆ ಮುಂಚೆ ಹಾಕಿ, ಮುಗಿದ ಕೂಡಲೇ ಆರಿಸುವ ಮನೆಗೆ ಅಷ್ಟೇನೂ ವ್ಯತ್ಯಾಸ ಕಾಣದು.

ಮಡಿಕೇರಿ, ಚಿಕ್ಕಮಗಳೂರಿನ ಕಡೆ ರೂಮ್ ಹೀಟರ್ ಕೊಳ್ಳುವವರಿಗೂ ಒಂದು ಮಾತು. ‘ಆಯಿಲ್ ಹೀಟರ್‌ಗೆ ಕರೆಂಟ್ ಕಮ್ಮಿ’ ಎನ್ನುವುದು ನಿಜವಲ್ಲ. ಒಂದು ಯೂನಿಟ್‌ಗೆ ಎಲ್ಲ ಬಗೆಯ ಹೀಟರ್‌ಗಳೂ ಒಂದೇ ಯೂನಿಟ್ ಶಾಖ ಕೊಡುತ್ತವೆ. ಚಳಿಯಲ್ಲಿ ಬಿಸಿಗಾಳಿಯನ್ನೂ ಕೊಡುವ ಎಸಿಗಳು ಹೊರಗಿನ ಶಾಖವನ್ನು ಒಳಕ್ಕೆ ಸಾಗಿಸುವುದರಿಂದ, ಅಷ್ಟೇ ಕರೆಂಟಿನಲ್ಲಿ ಅದಕ್ಕಿಂತ ಹೆಚ್ಚು ಶಾಖ ಒದಗಿಸುತ್ತವೆ.

16ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತಾ?

ಇಲ್ಲವೆಂದೇ ಹೇಳಬೇಕು. ಕೋಣೆ ಕಾದಿದ್ದಾಗ 24ಕ್ಕೆ ಇಟ್ಟರೂ ಎಸಿ ಶುರುವಿನಲ್ಲಿ ಜೋರಾಗಿಯೇ ಓಡುತ್ತದೆ. 16ಕ್ಕೆ ಇಟ್ಟರೆ ನಿಲ್ಲದೆ ಓಡುತ್ತಿರುತ್ತದೆ, ಅಷ್ಟೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ ಎಂದು ಬಿಇಇ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಇರುವ ಎಸಿಗಳು ಆನ್ ಮಾಡಿದಾಗ ತಾನಾಗಿಯೇ 24ರಲ್ಲಿ ಶುರುವಾಗಬೇಕೆಂಬ ನಿಯಮ ಬಂದದ್ದೂ ಇದಕ್ಕೇ. ‘24ಕ್ಕಿಂತ ಕೆಳಗೆ ಇಳಿಯದಂತೆ ಲಾಕ್ ಮಾಡಿದ್ದಾರೆ’ ಎಂಬ ಸಂದೇಶ ನಿಮಗೂ ಬಂದಿದ್ದರೆ, ಆ ನಿಯಮ ಹೇಳುವುದು ಹಾಗಲ್ಲ. ರಿಮೋಟ್‌ನಲ್ಲಿ ಬೇಕಾದಷ್ಟು ಇಳಿಸಿಕೊಳ್ಳಲು ಅದರಲ್ಲಿ ಅಡ್ಡಿಯಿಲ್ಲ.