ಕರೆ ಅಕ್ಷರಗಳು (ಬಾನುಲಿ)

ಬಾನುಲಿ ನಿಲಯವೊಂದನ್ನು ಇತರ ನಿಲಯಗಳಿಂದ ಪ್ರತ್ಯೇಕಿಸಿ ಗುರುತಿಸಲು ಸರ್ಕಾರವು ವಿಧ್ಯುಕ್ತವಾಗಿ ಮಂಜೂರು ಮಾಡುವ ಸಂಕೇತಾಕ್ಷರಗಳು. ಅಮೆರಿಕ ಸಂಯುಕ್ತಸಂಸ್ಥಾನದಲ್ಲಿ ಮಿಸ್ಸಿಸಿಪ್ಪಿ ನದಿಗೆ ಪೂರ್ವದ ನಿಲಯಗಳ ಹೆಸರು ಡಬ್ಲ್ಯು ಅಕ್ಷರದಿಂದಲೂ ಪಶ್ಚಿಮದವುಗಳದು ಕೆ ಅಕ್ಷರದಿಂದಲೂ ಆರಂಭವಾಗತಕ್ಕುದೆಂಬುದು ಸಾಮಾನ್ಯ ನಿಯಮವಾದರೂ, ಈ ಎಲ್ಲೆಯು ನೆಲೆಗೊಳ್ಳುವುದಕ್ಕೆ ಮುನ್ನವೇ, 1920ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಪ್ರಸಾರಕ್ಕೆ ತೊಡಗಿದ ಕೆಡಿಕೆಎ ನಿಲಯವು ಪೂರ್ವದಲ್ಲಿದ್ದುಕೊಂಡೇ ತನ್ನ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಮೊದಲಕ್ಷರವನ್ನುಳಿದು ಮಿಕ್ಕವುಗಳ ಆಯ್ಕೆಯಲ್ಲಿ ನಿಲಯದ ಒಡೆಯರ ಇಚ್ಛೆಗೂ ಅವಕಾಶವಿದ್ದುದರಿಂದ ಅಲ್ಲಿ ಜಂಬಕ್ಕೂ ಜಾಹೀರಾತಿಗೂ ಎಡೆ ದೊರೆಯಿತು: ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಡಬ್ಲ್ಯುಜಿಎನ್ ನಿಲಯವು ತನ್ನೊಡತಿಯನ್ನು ‘ಜಗತ್ತಿನ ಅತಿಶ್ರೇಷ್ಠ ವೃತ್ತಪತ್ರಿಕೆ’ ಎಂದು ಸಾರಿದರೆ, ಅದೇ ನಗರದಲ್ಲಿ ಸಿಯರ್ಸ್ ವರ್ತಕಸಂಸ್ಥೆ ತೆರೆದ ಡಬ್ಲ್ಯುಎಲ್‌ಎಸ್ ತನ್ನದನ್ನು ‘ಜಗತ್ತಿನ ಅತಿದೊಡ್ಡ ಅಂಗಡಿ’ಯೆಂದಿತು; ನ್ಯಾಷ್‌ವಿಲ್ ನಗರದ ವಿಮಾ ಕಂಪನಿಯೊಂದು 1925ರಲ್ಲಿ ಸ್ಥಾಪಿಸಿದ ಡಬ್ಲ್ಯುಎಸ್‌ಎಂ, ‘ಲಕ್ಷೋಪಲಕ್ಷ ಜನರಿಗೆ ನಾವು ರಕ್ಷೆ’ ಎಂಬರ್ಥದ ಘೋಷವಾಕ್ಯವನ್ನು ಮೂರಕ್ಷರಗಳಲ್ಲಿ ಅಡಗಿಸಿಕೊಂಡಿತು. ಈ ಮೂರರಲ್ಲಿ ಕೊನೆಯದೇ ವಿನಯಕ್ಕೆ ತುಸು ಸಮೀಪವೆನ್ನಬೇಕು. ಪ್ರತಿ ಗಂಟೆಯ ಸಂಧಿಯಲ್ಲಿ ಈ ಅಕ್ಷರಗಳನ್ನೂ, ಅವುಗಳ ಬೆನ್ನಿಗೇ ಪರವಾನಗಿಯಲ್ಲಿ ನಮೂದಾದ ಊರಿನ ಹೆಸರನ್ನೂ ಉಚ್ಚರಿಸುವುದು ಅಲ್ಲಿ ಕಡ್ಡಾಯ.

ಭಾರತಕ್ಕೆ ಸಂದ ಸಂಕೇತಗಳಲ್ಲಿ ವಿಯು ಒಂದು. ಆದರೆ ಶ್ರೋತೃಗಳ ಕಿವಿಗೆ ಪರಿಚಿತವಾದದ್ದು ಅಕ್ಷರಗಳಲ್ಲ, ‘ಆಕಾಶವಾಣಿ’ ಎಂಬ ನಾಮ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಖಾಸಗಿ ನಿಲಯಕ್ಕೆ ಸಂದಿದ್ದ ಈ ಹೆಸರು ಮುಂದೆ ಇಡಿಯ ರಾಷ್ಟ್ರದ ಪ್ರಸಾರಸಂಸ್ಥೆಯದಾಯಿತು.